ಕೂಳಿಕಲ್ಲು ಕೋಡಿ

ಅರುಳಿಪಾಳ್ಯದ ಕೆರೆಯ ಏರಿ ಮುಗಿದು ಬಸ್ಸಿನ ದಾರಿ ಬಲಕ್ಕೆ ಹೊರಳುವ ಕಡೆ, ತುಂಬಿದ ಕೆರೆಯ ಹೆಚ್ಚಿನ ನೀರು ಹರಿದುಹೋಗುವ ಕೋಡಿಯ ಪಕ್ಕದಲ್ಲಿ, ಎದೆಯೆತ್ತರದ ಒಂದು ಕಲ್ಲು ನಿಂತಿದೆ. ಮೇಲೆ ಸಣ್ಣದೊಂದು ಶಿಲುಬೆ. ಅದರ ಕೆಳಗೆ, ಕೆತ್ತಿದವನಿಗೂ ಖಾತ್ರಿಯಿರಲಿಲ್ಲವೇನೋ ಅನ್ನುವಂಥ ಒಂದು ಆಕಾರ. ಹೊಸಬರು ಅದನ್ನು ಗಂಟೆ ಎನ್ನುತ್ತಾರೆ, ಹಲಸಿನಕಾಯಿ ಎನ್ನುತ್ತಾರೆ. ದೊಡ್ಡ ಮೀಸೆಯವರೊಬ್ಬರು ಅದು ಯಾವನೋ ಪಾಳೆಯಗಾರನ ಪೇಟವೇ ಸರಿ ಎಂದು ನನ್ನೊಡನೆ ವಾದಿಸಿ, ನಮ್ಮ ಮನೆಯಲ್ಲೇ ಕಾಫಿ ಕುಡಿದು, ಒಪ್ಪದೆ ಹೊರಟುಹೋದರು. ಅದು ಕೂಳಿ. ಬಿದಿರು ಸೀಳಿ ಹೆಣೆದು ಹರಿಯುವ ನೀರಿಗೆ ಬಾಯೊಡ್ಡಿ ಇಡುವ, ಒಳಹೊಕ್ಕ ಮೀನು ಹೊರಬರಲಾಗದ ಬುಟ್ಟಿ. ಅದರಿಂದಲೇ ಕಲ್ಲಿಗೆ ಕೂಳಿಕಲ್ಲೆಂದೂ ಕೋಡಿಗೆ ಕೂಳಿಕಲ್ಲು ಕೋಡಿಯೆಂದೂ ಹೆಸರು ಬಂತು. ಈ ಊರಿನ ದೇವಾಲಯದಲ್ಲಿ ಉಪದೇಶಿಯಾಗಿ ಮಕ್ಕಳಿಗೆ ಜಪ ಕಲಿಸುತ್ತಲೇ ತಲೆ ಹಣ್ಣಾದ ನನಗೆ, ಆ ಕಲ್ಲಿನ ಮುಂದೆ ಇಂದಿಗೂ ನೆಮ್ಮದಿಯಿಂದ ನಿಲ್ಲಲು ಆಗುವುದಿಲ್ಲ.

ಹಿಂದೆ ಒಮ್ಮೆ, ನಮ್ಮ ದೇವಾಲಯಕ್ಕೆ ಹುಲ್ಲಿನ ಚಾವಣಿಯಿದ್ದ ಕಾಲದಲ್ಲಿ, ಇನ್ನಾಸಪ್ಪನೆಂಬವನು ಈ ಕೆರೆಯ ನೀರುಗಂಟಿಯಾಗಿದ್ದನಂತೆ. ಗದ್ದೆಗಳಿಗೆ ನೀರು ಬಿಡುವುದು, ಕೋಡಿ ಕಾಯುವುದು ಅವನ ಕೆಲಸ. ಮಳೆಗಾಲದ ಕೊನೆಗೆ ನೀರು ಹೆಚ್ಚು ನಿಲ್ಲಲೆಂದು ಕೋಡಿಯ ಕಲ್ಲುಗಂಬಗಳ ನಡುವೆ ಸೊಪ್ಪು, ಮಣ್ಣು ತುಂಬಿ ಕಟ್ಟುತ್ತಿದ್ದರು. ಮೋಡ ಕಟ್ಟಿತೆಂದರೆ ನೀರುಗಂಟಿ ಓಡಿಹೋಗಿ ಆ ಮಣ್ಣನ್ನು ಕಿತ್ತುಹಾಕಬೇಕು. ಇಲ್ಲವಾದರೆ ನೀರು ಏರಿಯನ್ನೇ ಕೀಳುತ್ತದೆ. ಚಿತ್ತೆ ಮಳೆ ಒಮ್ಮೆಗೇ ಹುಯ್ದ ದಿನ ಇನ್ನಾಸಪ್ಪ ಕೋಡಿಯಲ್ಲಿರಲಿಲ್ಲ. ಬಾಮೈದನ ನಿಶ್ಚಿತಾರ್ಥದ ಊಟಕ್ಕೆಂದು ಪಕ್ಕದೂರಿಗೆ ಹೋದವನು ಊಟದ ಜೊತೆಗೆ ಹೆಂಡವನ್ನೂ ಮುಗಿಸಿ ಮಲಗಿಬಿಟ್ಟಿದ್ದ. ಎದ್ದು ಬರುವಷ್ಟರಲ್ಲಿ ಏರಿ ಒಡೆದು, ತೆನೆ ಬಿಟ್ಟಿದ್ದ ಬತ್ತದ ಗದ್ದೆಗಳೆಲ್ಲ ಮರಳಿನಡಿ ಹೂತಿದ್ದವು.

ಊರಿನವರು ಏರಿಯ ಮೇಲೆ ಸೇರಿ ಕೋಡಿ ಏಕೆ ಬಿಚ್ಚಲಿಲ್ಲವೆಂದು ಕೇಳಿದರು. ಇನ್ನಾಸಪ್ಪನ ಕಣ್ಣಿಗೆ ಕೋಡಿಗಂಬಕ್ಕೆ ಸಿಕ್ಕಿಕೊಂಡಿದ್ದ ಒಂದು ಮುರುಕು ಕೂಳಿ ಬಿತ್ತು. "ನಾನು ಬಿಚ್ಚೇ ಹೋಗಿದ್ದೆ. ಚೌರಿ ಕೂಳಿ ಒಡ್ಡವ್ನೆ. ಅದಕ್ಕೆ ಕಸ ಕಟ್ಕಂಡು ನೀರು ನಿಂತೋಗದೆ," ಎಂದುಬಿಟ್ಟ. ಕೆರೆಯಂಚಿನ ಗುಡಿಸಲಿನಲ್ಲಿದ್ದುಕೊಂಡು ಮೀನು ಹಿಡಿದು ಮಾರುತ್ತಿದ್ದ ಚೌರಿ, ಅದು ಹೋದ ವರ್ಷದ ಕೂಳಿಯೆಂದು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಹೊಟ್ಟೆಗೆ ಬೆಂಕಿ ಬಿದ್ದವರಿಗೆ ಬಯ್ಯಲು ಒಬ್ಬ ಸಿಕ್ಕಿದ್ದ. ಅವನನ್ನೂ ಅವನ ಹೆಂಡತಿ ಮದಲೇನಿಯನ್ನೂ ಅಂದೇ ಊರು ಬಿಡಿಸಿದರು. ಕೂಳಿ ಚೌರಿ ಕೆರೆ ಒಡೆದನಂತೆ ಎಂಬ ಮಾತು ಸಂತೆಗೆ ಹೋಗುವ ಗಾಡಿಗಳ ಜೊತೆ ಊರೂರಿಗೆ ಹರಡಿತು ಎನ್ನುತ್ತಾರೆ.

ಆಗ ಊರಿಗೆ ಪಾದ್ರಿ ಸ್ವಾಮಿಗಳು ಬರುತ್ತಿದ್ದುದು ವರ್ಷಕ್ಕೊಮ್ಮೆ, ಯೇಸು ಮತ್ತೆ ಎದ್ದುಬಂದ ಪಾಸ್ಕ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರಕ್ಕೆ. ಹಿಂದಿನ ವರ್ಷದ ಗರಿಗಳ ಭಾನುವಾರ ಉಪದೇಶಿ ಹಂಚಿದ ತೆಂಗಿನ ಗರಿಯನ್ನು ಜನ ಶಿಲುಬೆಯಂತೆ ಮಡಿಸಿ ಬಾಗಿಲ ಮೇಲೆ ಸಿಕ್ಕಿಸಿರುತ್ತಾರೆ. ವಿಭೂತಿ ಬುಧವಾರ ಅವನ್ನೆಲ್ಲ ಸುಟ್ಟು, ಆ ಬೂದಿಯನ್ನೇ ಎಲ್ಲರ ಹಣೆಗೆ ಇಡುತ್ತಾರೆ. ಒಂದು ಮನೆಯ ಗರಿಯನ್ನೂ ಬಿಡುವಂತಿಲ್ಲ. ಇಡೀ ಊರು ಒಂದೇ ಬೂದಿಯಾಗಬೇಕು ಎನ್ನುವುದು ಇಲ್ಲಿಯ ಪದ್ಧತಿ. ಗರಿ ಕೂಡಿಸಿ ತರುವುದೂ ನೀರುಗಂಟಿಯ ಪಾಲಿನ ಕೆಲಸವೇ ಆಗಿತ್ತು. ಚೌರಿಯ ಪಾಳು ಗುಡಿಸಲ ಬಾಗಿಲಲ್ಲೂ ಒಂದು ಗರಿಯಿತ್ತು. ಇನ್ನಾಸಪ್ಪ ಅದನ್ನು ನೋಡಿಯೂ ಮುಂದೆ ಹೋದ. ಆಗಿನ ಉಪದೇಶಿ ಕೇಳಿದಾಗ, "ಎಲ್ಲಾ ಮನೇದೂ ತಂದಿವ್ನಿ," ಎಂದ. ಸ್ವಾಮಿಗಳ ಮುಂದೆ ಮೊಣಕಾಲೂರಿ, ಕುಡಿದು ಒಂದು ದಿನ ಕೆಲಸ ತಪ್ಪಿಸಿದೆನೆಂದಷ್ಟೇ ಪಾಪನಿವೇದನೆ ಮಾಡಿದ. ಅವರು ಒಂದು ಜಪಸರ ಮಾಡಲು ಹೇಳಿದರು, ಮಾಡಿದ. ಪ್ರಸಾದವನ್ನೂ ತೆಗೆದುಕೊಂಡ. ಸ್ವಾಮಿಗಳ ಕುದುರೆ ಊರ ಬಾಗಿಲು ದಾಟಿತು.

ಅಲ್ಲಿಂದ ಶುರುವಾಯಿತು ಅವನ ಗ್ರಹಚಾರ. ಇನ್ನು ನಿಜ ಹೇಳಬೇಕೆಂದರೂ ಕೇಳುವವರು ಬರಲು ಒಂದು ವರ್ಷ ಕಾಯಬೇಕು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಬಿಸಿಲು ಸುಡುತ್ತಿದ್ದರೂ ಎದ್ದುಹೋಗಿ ಕೋಡಿಯ ಮಣ್ಣು ಕೀಳುವನು, ಮತ್ತೆ ತುಂಬುವನು. ತಟ್ಟೆಯ ಮುಂದಿಂದ ಏಳುವಾಗ ಹೆಂಡತಿ ಬಿಯಾತ್ರಮ್ಮ, "ಕೂತ್ಕಂಡು ಉಣ್ಣಬಾರ್ದಾ? ಕೆರೆ ಏನು ಎದ್ದೋಡೋಗ್ತದಾ?" ಎಂದು ರೇಗುವಳು. ಅವನು ಚೌರಿಯ ಗುಡಿಸಲ ಮುಂದಕ್ಕೆ ಹೋಗಿ ಬರುವನು. ಚಾವಣಿ ಕುಸಿದರೂ ಬಾಗಿಲ ಗರಿ ಬೀಳಲಿಲ್ಲ. ಬಿದ್ದಿದ್ದರೆ ಬಡವ ಬದುಕಿಕೊಳ್ಳುತ್ತಿದ್ದನೋ ಏನೋ!

ಮರುವರ್ಷ ಇನ್ನಾಸಪ್ಪ ಮೊದಲು ಕಿತ್ತದ್ದೇ ಆ ಗರಿಯನ್ನು. ಅದೂ ಎಲ್ಲರ ಗರಿಯೊಂದಿಗೆ ಸುಟ್ಟು ಬೂದಿಯಾಯಿತು. ಮನುಷ್ಯ ಮಣ್ಣೆಂದು ನೆನಪಿಸುತ್ತ ಸ್ವಾಮಿಗಳು ಹಣೆಗೆ ಹೆಬ್ಬೆರಳು ಒತ್ತಿದಾಗ ಅವನಿಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ನಿವೇದಿಸಿ ಅತ್ತ. ಅಲ್ಲಿ ನಡೆದ ಮಾತು ಸ್ವಾಮಿಗಳ ಬಾಯಿಂದ ಹೊರಬರುವಂಥದಲ್ಲ. ಇಷ್ಟು ನಮಗೆ ಗೊತ್ತಿರುವುದು ಇನ್ನಾಸಪ್ಪನೇ ಹೇಳಿಕೊಂಡದ್ದರಿಂದ. "ಕದ್ದ ಹಸುವನ್ನು ನಿನ್ನ ಕೊಟ್ಟಿಗೆಯಲ್ಲೇ ಕಟ್ಟಿಕೊಂಡು ಕದ್ದೆ ಅಂತ ಅತ್ತರೆ ಆಯಿತೇನು ಮಗಾ? ಅವನ ಹೆಸರನ್ನು ಹಿಂದಕ್ಕೆ ಕೊಡು. ಸುಳ್ಳು ಎಲ್ಲೆಲ್ಲಿಗೆ ಹೋಗಿದೆಯೋ ನಿಜವೂ ಅಲ್ಲಿಗೆಲ್ಲ ಹೋಗಲಿ," ಎಂದರಂತೆ.

ಅವನು ಪೂಜೆ ಮುಗಿದ ಕೂಡಲೇ ಬಾಗಿಲಲ್ಲಿ ನಿಂತು ಊರಿಗೆ ನಿಜ ಹೇಳಿದ. ಬಯ್ದವರಿದ್ದರು, ಕೈಯೆತ್ತಿದವರೂ ಇದ್ದರು. ಆದರೆ ಹಿರಿಯರು ಹೇಳಿದ ಮಾತು ಕೇಳಿ: "ಆಗಿದ್ದಾಯ್ತು ಸುಮ್ನಿರು. ಈಗ ಅದನ್ನ ಕೆದಕಿದ್ರೆ ನಮ್ಮ ಮಕಕ್ಕೇ ಮಸಿ." ಓಡಿಸಿದವರು ತಾವೇ ಅಲ್ಲವೇ! ನನಗೆ ಇನ್ನಾಸಪ್ಪನಿಗಿಂತ ಅವರ ಮೇಲೆಯೇ ಹೆಚ್ಚು ಸಿಟ್ಟು. ನೀರುಗಂಟಿಕೆ ಬಿಟ್ಟು ಅವನು ಹೊಳೆಯುದ್ದಕ್ಕೂ ಚೌರಿಯನ್ನು ಹುಡುಕಿ ಅಲೆದ; ಸಿಗಲಿಲ್ಲ. ಆಗ ತಿರುಗಿ ಬಂದು, ಗಾಡಿಗಳು ತಿರುಗುವ ಈ ಮೂಲೆಯಲ್ಲೇ ಕಲ್ಲು ನಿಲ್ಲಿಸಿ, ಉಳಿ ಹಿಡಿದು ಅಭ್ಯಾಸವಿಲ್ಲದ ಕೈಯಲ್ಲಿ ಕೂಳಿ ಕೆತ್ತಿದ. ಚೆನ್ನಾಗಿ ಬರದಿದ್ದುದೇ ಒಳ್ಳೆಯದಾಯಿತು. ಅರ್ಥವಾಗಿದ್ದರೆ ಯಾರು ನಿಂತು ಕೇಳುತ್ತಿದ್ದರು? ಕೇಳಿದ ಪ್ರತಿಯೊಬ್ಬನಿಗೂ ಅವನು, "ಕೆರೆ ಒಡೆದಿದ್ದು ಚೌರಿ ಕೂಳಿಯಲ್ಲ, ನಾನು," ಎಂದು ಶುರುಮಾಡುತ್ತಿದ್ದ. ಮೊದಮೊದಲು ಯಾರೂ ಕೇಳದಿರಲಿ ಎಂದು ಮುಖ ಮರೆಸುತ್ತಿದ್ದನಂತೆ. ಬರಬರುತ್ತ ಗಾಡಿಗೆ ಅಡ್ಡ ನಿಂತು ಹೇಳತೊಡಗಿದ. ಹಾಗೆ ಹೇಳುವಾಗಲೂ ಕೂರುತ್ತಿರಲಿಲ್ಲ.

ಅವನ ತಲೆ ನರೆತ ಮೇಲೆ, ಒಂದು ಸಂತೆಯ ದಿನ, ಗಾಡಿಯವರೆಲ್ಲ ಎತ್ತು ಬಿಚ್ಚಿ ನೆರಳಲ್ಲಿದ್ದಾಗ, ಹೆಗಲ ಮೇಲೆ ಬಲೆ ಹೊತ್ತ ಮುದುಕನೊಬ್ಬ ಕಲ್ಲಿನ ಮುಂದೆ ನಿಂತ. ಪಕ್ಕದಲ್ಲಿ ಅವನ ಹೆಂಡತಿ. ಇನ್ನಾಸಪ್ಪನಿಗೆ ಗುರುತು ಸಿಗದೆ ಇರಲಿಲ್ಲ.

"ಏನಣ್ಣ, ಇದ್ಯಾವ ಕಲ್ಲು?" ಎಂದು ಚೌರಿ ಕೇಳಿದ.

"ನಿಂಗೆ ಗೊತ್ತಲ್ಲಪ್ಪಾ..."

"ನಾನು ಕೇಳ್ತಾ ಇವ್ನಿ. ಕೇಳ್ದೋರ್ಗೆಲ್ಲ ಹೇಳ್ತೀಯಂತಲ್ಲ. ಹೇಳು."

ಇನ್ನಾಸಪ್ಪ ಹೇಳಿದ. ನಿಶ್ಚಿತಾರ್ಥದ ಊಟದಿಂದ ಹಿಡಿದು ಬಾಗಿಲ ಗರಿಯವರೆಗೆ, ಎಲ್ಲರ ಮುಂದೆ, ಒಂದನ್ನೂ ಬಿಡದೆ. ಕೊನೆಗೆ ಇಬ್ಬರಿಗೂ ಕೈ ಮುಗಿದ. ಮದಲೇನಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೂಂ, ಹಂಗೇ ಆಗಿದ್ದು," ಎಂದಳು. ಚೌರಿ ಕಲ್ಲಿನ ಕೆತ್ತನೆಯನ್ನು ಬೆರಳಿನಿಂದ ಸವರಿದ. ಆಮೇಲೆ ಬಲೆ ಕೆಳಗಿಟ್ಟು, "ಕೂಳಿ ಬಾಯಿ ಇಷ್ಟು ಅಗಲ ಇರಾಕಿಲ್ಲ ಕಣಣ್ಣ, ಮೀನೆಲ್ಲ ಓಡೋಗ್ತವೆ," ಎಂದ. "ಕೂತ್ಕೊ. ನಾನೂ ಕೂತ್ಕತೀನಿ." ಆ ಗಾಡಿಯವರಲ್ಲಿ ಊರಿನ ಹಿರಿಯರ ಮನೆಯವರೂ ಇದ್ದರು. ತಲೆ ತಗ್ಗಿಸಿ ಅವರೇ ಹೋಗಿ ಚೌರಿಯ ಗುಡಿಸಲಿಗೆ ಹೊಸ ಹುಲ್ಲು ಹೊದಿಸಿದರು ಎನ್ನುತ್ತಾರೆ.

ಕೂಳಿಕಲ್ಲಿನ ಬುಡದಲ್ಲಿ ಇಬ್ಬರು ಕೂರುವಷ್ಟು ಸವೆದ ಚಪ್ಪಡಿಯೊಂದು ಇಂದಿಗೂ ಇದೆ. ಈಚೆಗೆ ಪಂಚಾಯಿತಿಯವರು ಕಥೆ ಬರೆಸಿ ಬೋರ್ಡು ನೆಡಲು ಬಂದಿದ್ದರು. ಬೋರ್ಡು ಓದಿಕೊಂಡರೆ ನಮ್ಮನ್ನು ಯಾರು ಕೇಳುತ್ತಾರೆ ಎಂದು ಊರು ಒಪ್ಪಲಿಲ್ಲ. ನೀವು ಬಂದರೆ ಕೋಡಿಯಲ್ಲಿ ಬಟ್ಟೆ ಒಗೆಯುವವರನ್ನೇ ಕೇಳಿ ನೋಡಿ. ಅವರಲ್ಲೊಬ್ಬ ಹೆಂಗಸು ಒದ್ದೆ ಸೀರೆಯನ್ನು ಒಗೆಯುವ ಕಲ್ಲಿನ ಮೇಲೆ ಬಿಟ್ಟು, ಕೈ ಒರೆಸಿಕೊಂಡು ಮೇಲಕ್ಕೆ ಬರುತ್ತಾಳೆ. "ಕೆರೆ ಒಡೆದಿದ್ದು ಚೌರಿ ಕೂಳಿಯಲ್ಲ ಸ್ವಾಮಿ," ಎಂದು ಶುರುಮಾಡುತ್ತಾಳೆ, "ನಾವು."