ಬಳಪ ಮೆತ್ತಗೇ ಉಳಿದದ್ದು

ಭೂಮಿಯ ಮೈ ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಬಳಪದ ಕಲ್ಲು ಮಣ್ಣಿನೊಳಗೂ ಬೆಣ್ಣೆ, ಮಣ್ಣಿನ ಹೊರಗೂ ಬೆಣ್ಣೆ. ಉಗುರಿನಿಂದ ಗೀರಿದರೂ ಗೆರೆ ಮೂಡುತ್ತಿತ್ತು. ಕಲ್ಲಿಗೂ ಗಾಳಿಗೂ ಭಾರಿ ಸ್ನೇಹ, ದಿನವಿಡೀ ಹರಟೆ!

ಆ ಕಾಲದಲ್ಲಿ ಕೆಂಚೋಜನೆಂಬ ಶಿಲ್ಪಿಯಿದ್ದ. ಅವನನ್ನು ಎತ್ತಿ ಆಡಿಸಿ ಸಾಕಿದವಳು ಅಕ್ಕ ನಿಂಬವ್ವ. ಊರಿಗೆ ಮೊದಲ ಬಾವಿ ತೋಡಿದವಳೂ ಅವಳೇ. ನೀರೇನೋ ಬಂತು. ಅದೇ ದಿನ ದಂಡೆ ಕುಸಿದು ಅಕ್ಕ ಹೋದಳು.

ಕೆಂಚೋಜ ಕಲ್ಲಿನ ಮುಂದೆ ಕೂತ. "ಅಕ್ಕನ ಮುಖ ನಾನು ಮರೆತರೂ ನೀನು ಮರೀಬೇಡ," ಎಂದ.

"ಕೆತ್ತು ತಮ್ಮಾ, ನೋವಾಗಲ್ಲ," ಎಂದಿತು ಕಲ್ಲು.

ಚಪ್ಪಟೆ ಮೂಗು ಬಂತು. ಗಲ್ಲದ ಮೇಲಿನ ಗಾಯದ ಗುರುತು ಬಂತು. ಕಣ್ಣು ಮಾತ್ರ ಬಾಕಿ ಉಳಿಯಿತು. ಶಿಲ್ಪಿಗಳ ಪದ್ಧತಿಯೇ ಹಾಗೆ: ಕಣ್ಣು ಬಿಡಿಸುವುದು ಕಟ್ಟಕಡೆಗೆ, ಅದೂ ಒಳ್ಳೆಯ ದಿನ ನೋಡಿ. ಅಲ್ಲಿಯ ತನಕ ಅದು ಮೂರ್ತಿಯಲ್ಲ, ಬರೀ ಕಲ್ಲು.

"ಇವತ್ತೇ ಬಿಡಿಸೋ ಮಾರಾಯ," ಎಂದಿತು ಗಾಳಿ. "ನಾಲ್ಕೂರು ಸುತ್ತಿ ನೋಡಿದ್ದೀನಿ. ಒಳ್ಳೇ ದಿನ ಕಾಯೋರ ಮನೆಗೆ ಕೆಟ್ಟ ದಿನವೇ ಮೊದಲು ಬರೋದು."

"ಪದ್ಧತಿ ಬಿಡೋಕಾಗುತ್ತಾ? ಸೋಮವಾರ ಬಿಡಿಸ್ತೀನಿ."

ಭಾನುವಾರ ಊರ ಯಜಮಾನ ಬಂದ. ಕಲ್ಲಿಗೆ ಒಂದು ಸುತ್ತು ಹಾಕಿದ. "ಕಣ್ಣಿಲ್ಲ ಅಂದಮೇಲೆ ಇದು ಯಾರೂ ಅಲ್ಲ, ಅಲ್ಲವೇನಯ್ಯ? ನನ್ನ ಮುಖ ಮಾಡು. ಬಾವಿ ನನ್ನೂರಿನದು ತಾನೇ!"

ಜೊತೆಗೆ ಬಂದವರು ತಲೆಯಾಡಿಸಿದರು. ಅವರ ಕೊಡಗಳಲ್ಲಿ ಅಕ್ಕ ತೋಡಿದ ನೀರೇ ತುಳುಕುತ್ತಿತ್ತು. ಪದ್ಧತಿ ಕೆಂಚೋಜನದೇ, ಅವನು ಉಳಿ ಎತ್ತಿಕೊಂಡ.

ಅಕ್ಕನ ಮುಖ ಕೆರೆದು ಯಜಮಾನನ ಮುಖವಾಯಿತು. ಉದುರಿದ ಚೂರುಗಳನ್ನು ಕೆಂಚೋಜ ಬಾವಿಯ ಕೆಸರಿನಲ್ಲಿ ಹೂತಿಟ್ಟ.

ಮರುವರ್ಷ ಯಜಮಾನನನ್ನು ಅವನ ತಮ್ಮನೇ ಓಡಿಸಿದ. ಅಣ್ಣನ ಮುಖ ಕೆರೆದು ತಮ್ಮನ ಮುಖವಾಯಿತು. ಕೆರೆಯುವಾಗ ಅಣ್ಣನ ಮೂರ್ತಿಗೆ ಕಣ್ಣಿತ್ತು. ಆದರೂ ಪದ್ಧತಿಯ ಮಾತನ್ನು ಯಾರೂ ಎತ್ತಲಿಲ್ಲ! ಆಮೇಲೆ ತಮ್ಮನ ಅಳಿಯ ಬಂದ. ಮತ್ತೆ ಕೆರೆತ.

"ತಮ್ಮಾ, ಇನ್ನೊಬ್ಬ ಬಂದರೆ ನನಗೆ ಕತ್ತೇ ಉಳಿಯಲ್ಲ," ಎಂದಿತು ಕಲ್ಲು.

ಕೆಂಚೋಜ ಗಾಳಿಗೆ ಕೈಮುಗಿದ. "ಮಣ್ಣಿಂದ ಹೊರಬಂದ ಕಲ್ಲನ್ನ ಗಟ್ಟಿ ಮಾಡಪ್ಪಾ. ಒಮ್ಮೆ ಮೂಡಿದ ಮುಖ ಯಾರೂ ಕೆರೆಯೋಕಾಗಬಾರದು."

"ಮಾಡ್ತೀನಿ. ಆದರೆ ಈಗ ಇರೋದು ಅಳಿಯನ ಮುಖ ಕಣೋ. ಅದೇ ನಿಲ್ಲುತ್ತೆ."

ಕೆಂಚೋಜ ಬಾವಿಯ ಕಡೆ ನೋಡಿದ.

"ನಿಲ್ಲಲಿ. ಮುಂದೆ ಇನ್ಯಾರ ಅಕ್ಕನಾದರೂ ಉಳಿದಾಳು."

ಗಾಳಿ ಉಫ್ ಎಂದು ಊದಿತು. ಅಳಿಯ ಕಬ್ಬಿಣದಂತಾದ. ಬಾವಿಯ ಕೆಸರಿಗೆ ಮಾತ್ರ ಗಾಳಿ ಇಳಿಯಲಿಲ್ಲ. ಮುಂದೆ ಆ ಚೂರುಗಳು ಮೇಲೆ ಬಂದಾಗಲೂ ಅವನ್ನು ಗಟ್ಟಿ ಮಾಡಲು ಅದಕ್ಕೆ ಮನಸ್ಸಾಗಲಿಲ್ಲ.

ಅದಕ್ಕೇ ಬಳಪದ ಕಲ್ಲು ನೆಲದಡಿ ಇಂದಿಗೂ ಮೆತ್ತಗೆ, ಗಾಳಿ ಸೋಕಿದ ಮೇಲೆ ಗಟ್ಟಿ; ಅಕ್ಕನ ಆ ಚೂರುಗಳು ಮಾತ್ರ ಹೊರಗೂ ಮೆತ್ತಗೆ. ಯಾವ ದೇಶದ ಚೌಕಕ್ಕೆ ಹೋದರೂ ಕುದುರೆ ಏರಿದ, ಕತ್ತಿ ಹಿರಿದ ಅಳಿಯಂದಿರೇ ನಿಂತಿರುತ್ತಾರೆ. ಗುದ್ದಲಿ ಹಿಡಿದ ಅಕ್ಕ ಕಾಣುವುದು ಅಪರೂಪ. ಅವಳು ನಿನ್ನ ಪಾಟಿಚೀಲದಲ್ಲಿದ್ದಾಳೆ, ಮಗು: ಒಂದೊಂದು ಅಕ್ಷರ ಬರೆದಾಗಲೂ ಇಷ್ಟಿಷ್ಟೇ ಸವೆಯುತ್ತದಲ್ಲ, ಆ ಮೆತ್ತನೆಯ ಬಳಪ.