ಎರಡನೇ ಗುಂಡು

ಕೊಡಗಿನ ಒಂದು ಊರಂಚಿನಲ್ಲಿ, ಕಾವೇರಿಯ ದಡದಲ್ಲಿ ಒಂದು ಹೆಂಚಿನ ಕೊಟ್ಟಿಗೆ. ಒಳಗೆ ಒಂದು ಮೇಜು, ಒಂದು ಕುಲುಮೆ, ಗೋಡೆಗೆ ಒರಗಿಸಿದ ಹಳೆಯ ಕೋವಿಗಳು. ಅಲ್ಲಿ ಕಾಳಪ್ಪ ಎಂಬ ಗುರು ಇದ್ದರು. ಕೋವಿ ರಿಪೇರಿಯವರು. ವಯಸ್ಸು ಎಂಬತ್ತೆರಡು.

ಅವರ ಶಿಷ್ಯ ಮೇದಪ್ಪ. ಮೂರು ಸಲ ಸೈನ್ಯಕ್ಕೆ ಸೇರಲು ಹೋಗಿ, ಎತ್ತರ ಎರಡು ಬೆರಳು ಸಾಲದೆ ಮೂರು ಸಲವೂ ವಾಪಸ್ ಬಂದವನು. ಆಮೇಲೆ ಹನ್ನೆರಡು ವರ್ಷ ಗುರುವಿನ ಬಳಿ ಕೆಲಸ ಕಲಿತ. ಕೈ ಚೆನ್ನಾಗಿಯೇ ಪಳಗಿತು. ಬೇಸರ ಮಾತ್ರ ಹೋಗಲಿಲ್ಲ.

ಕೊಟ್ಟಿಗೆಯಲ್ಲಿ ಒಂದು ಪದ್ಧತಿ ಇತ್ತು. ರಿಪೇರಿಯಾದ ಕೋವಿಗೆ ಹಾಕುವ ಮೊದಲ ತೋಟೆಯನ್ನು ಗುರುವೇ ತಮ್ಮ ತಗಡಿನ ಡಬ್ಬಿಯಿಂದ ತೆಗೆದುಕೊಡಬೇಕು. ಕೊಟ್ಟರೆ ಕೆಲಸ ಮುಗಿಯಿತೆಂದು ಅರ್ಥ. ಮೇದಪ್ಪ ಒಬ್ಬನೇ ಮಾಡಿದ ಯಾವ ಕೋವಿಗೂ ಆ ಡಬ್ಬಿ ಅದುವರೆಗೆ ತೆರೆದಿರಲಿಲ್ಲ.

ಒಂದು ದಿನ ಅವನು ಗೋಣಿಯಲ್ಲಿ ಸುತ್ತಿದ ಕೋವಿಯೊಂದನ್ನು ಕೊಂಡು ತಂದ. ಯಾರದೋ ಮನೆಯ ಅಟ್ಟದಲ್ಲಿ ಬಿದ್ದಿದ್ದು. ಒಂದು ಕಾಲದಲ್ಲಿ ಸೈನ್ಯದ ರೈಫಲ್. ಆಮೇಲೆ ಯಾರೋ ನಳಿಗೆಯೊಳಗಿನ ಸುರುಳಿ ಗೆರೆಗಳನ್ನೆಲ್ಲ ಕೊರೆದು ನುಣುಪು ಮಾಡಿ, ಸೀಸದ ಸಣ್ಣ ಚರೆಗಳನ್ನು ಹಾರಿಸುವ ಕೋವಿಯಾಗಿ ಬದಲಾಯಿಸಿದ್ದರು.

"ಯುದ್ಧ ನೋಡಿದ ಕೋವಿ ಅಜ್ಜ," ಎಂದ ಮೇದಪ್ಪ. "ಪಾಪ, ಈಗ ತೋಟದಲ್ಲಿ ಮಂಗ ಓಡಿಸುವ ಗತಿ ಬಂತು."

"ಪಾಪ ಯಾರು ಅಂತ ಮಂಗನ ಹತ್ತಿರ ಕೇಳು," ಎಂದರು ಗುರು.

ಮೇದಪ್ಪನಿಗೆ ಅವಸರವಿತ್ತು. ಹೆಂಡತಿ ಬೋಜಮ್ಮನಿಗೆ ದಿನ ತುಂಬುತ್ತಿತ್ತು. ಅವರ ಕಡೆ ಗಂಡು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು. ಯಾರಾದರೂ ತೀರಿಕೊಂಡರೆ ಎರಡು. ಯಾವ ಬಟ್ಟೆ ಉಟ್ಟು ಹೊರಡಬೇಕೆಂದು ಊರವರು ಸದ್ದು ಎಣಿಸಿಯೇ ತಿಳಿದುಕೊಳ್ಳುತ್ತಿದ್ದರು.

"ಹೆಣ್ಣಾದರೂ ಹೊಡೆಯಬೇಕು. ಈಗಲೇ ಹೇಳಿದ್ದೇನೆ," ಎಂದು ಬೋಜಮ್ಮ ತಾಕೀತು ಮಾಡಿದ್ದಳು.

ಆ ಗುಂಡು ಈ ಕೋವಿಯಿಂದಲೇ ಹಾರಬೇಕು, ಅದಕ್ಕೆ ತೋಟೆ ಗುರುವಿನ ಡಬ್ಬಿಯಿಂದಲೇ ಬರಬೇಕು. ಮೇದಪ್ಪನಿಗೆ ಬೇರೇನೂ ಬೇಕಿರಲಿಲ್ಲ.

ಅವನು ತುಕ್ಕು ಬಿಡಿಸಿದ. ಮರದ ಹಿಡಿಗೆ ಉಪ್ಪುಕಾಗದ ಉಜ್ಜಿ ಅಗಸೆ ಎಣ್ಣೆ ಕುಡಿಸಿದ. ಎಲ್ಲೆಲ್ಲೋ ಹುಡುಕಿ, ರೈಫಲ್ಲಿಗೆ ಮೊದಲಿದ್ದಂಥದೇ ಗುರಿ ನೋಡುವ ಪಟ್ಟಿಯೊಂದನ್ನು ತಂದು ನಳಿಗೆಯ ಮೇಲೆ ಕೂರಿಸಿದ. ಎತ್ತಿ ನಿಲ್ಲಿಸುವ ಪಟ್ಟಿ, ಅದರ ಮೇಲೆ ಸಾವಿರ ಗಜದವರೆಗೆ ಗೀಟುಗಳು.

ಗುರು ಕೋವಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಇದರಲ್ಲಿ ಇನ್ನೂ ಒಬ್ಬ ಸಿಪಾಯಿ ಕೂತಿದ್ದಾನೆ. ಅವನನ್ನು ಕಳಿಸಿ ಬಾ."

ನಳಿಗೆಯಲ್ಲಿ ಹಳೆಯ ಮಸಿ ಉಳಿದಿರಬೇಕೆಂದುಕೊಂಡ ಮೇದಪ್ಪ. ಕಡ್ಡಿಗೆ ಬಟ್ಟೆ ಸುತ್ತಿ ಎರಡು ದಿನ ತಿಕ್ಕಿದ. ಒಳಗೆ ಮುಖ ಕಾಣುವಷ್ಟು ಹೊಳಪು ಬಂತು.

"ಇನ್ನೂ ಇದ್ದಾನೆ," ಎಂದರು ಗುರು.

ಹಾಗಾದರೆ ಕಬ್ಬಿಣದ ಮೇಲೆ ಒತ್ತಿದ್ದ ಸೈನ್ಯದ ನಂಬರು ಇರಬೇಕು. ಅದನ್ನು ಉಜ್ಜಿ ತೆಗೆಯಲು ಅವನು ಅರ ಎತ್ತಿಕೊಂಡ. ಗುರು ಅವನ ಮಣಿಕಟ್ಟು ಹಿಡಿದರು.

"ಅದು ಇದರ ಹುಟ್ಟು. ಅದನ್ನು ಯಾಕೆ ಅಳಿಸುತ್ತೀಯ?"

"ಮತ್ತೆ ಎಲ್ಲಿದ್ದಾನೆ ಅಜ್ಜ, ನೀವೇ ಹೇಳಿ!"

ಗುರು ಪಟ್ಟಿಯನ್ನು ಬೆರಳಿನಿಂದ ಎತ್ತಿ ನಿಲ್ಲಿಸಿದರು. "ಇದು ಎಷ್ಟು ದೂರ ನೋಡುತ್ತದೆ?"

"ಸಾವಿರ ಗಜ."

"ಚರೆ ಎಷ್ಟು ದೂರ ಹೋಗುತ್ತದೆ?"

"ನಲವತ್ತು."

"ಮಿಕ್ಕ ಒಂಬೈನೂರ ಅರವತ್ತು ಗಜದಲ್ಲಿ ನಿನಗೆ ಎಂಥ ಕೆಲಸ ಉಂಟು?"

"ಅಂದಕ್ಕೆ ಇರಲಿ ಅಜ್ಜ," ಎಂದ ಮೇದಪ್ಪ. ಹೇಳುವಾಗ ಅವನ ಮುಖ ಕೆಂಪಾಯಿತು.

ಗುರು ಕೋವಿಯನ್ನು ಅವನ ಕೈಗೆ ವಾಪಸ್ ಕೊಟ್ಟರು. ಡಬ್ಬಿ ತೆರೆಯಲಿಲ್ಲ.

ಮರುದಿನ ಗುರು ಊಟ ಮಾಡಿ ಚಾಪೆಯ ಮೇಲೆ ಒರಗಿದ್ದರು. ಮೇದಪ್ಪನ ಫೋನು ಬಡಿದುಕೊಂಡಿತು. ಮಾತಾಡಿದ್ದು ನಾದಿನಿ.

"ಭಾವ, ಹೆಣ್ಣು! ಇಬ್ಬರೂ ಚೆನ್ನಾಗಿದ್ದಾರೆ!"

ಮೇದಪ್ಪ ಗುರುವಿನ ಕಡೆ ನೋಡಿದ. ಸಣ್ಣಗೆ ಗೊರಕೆ. ಎಬ್ಬಿಸಿದರೆ ಮತ್ತೆ ಆ ಸಿಪಾಯಿಯ ಮಾತು ಬರುತ್ತದೆ. ಅಂಗಡಿಯಿಂದ ತಾನೇ ತಂದಿಟ್ಟಿದ್ದ ತೋಟೆಗಳನ್ನು ಜೇಬಿಗೆ ಹಾಕಿಕೊಂಡು, ಕೋವಿ ಹಿಡಿದು ಹೊಳೆಯ ದಡಕ್ಕೆ ಓಡಿದ.

ಆಕಾಶಕ್ಕೆ ಒಂದು ಗುಂಡು ಹೊಡೆದ. ಎಂಥ ಸದ್ದು! ಬೆಟ್ಟವೆಲ್ಲ ಮರುದನಿ ಕೊಟ್ಟಿತು. ಮೇದಪ್ಪನಿಗೆ ಕಣ್ಣು ತುಂಬಿ ಬಂತು.

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಹೊಳೆಯ ಆಚೆ, ದೂರದಲ್ಲಿ, ಒಂದು ಒಣಮರ ನಿಂತಿತ್ತು. ಅವನ ಕೈ ತಾನಾಗಿ ಪಟ್ಟಿಯನ್ನು ಎತ್ತಿ ನಿಲ್ಲಿಸಿತು. ಬೆನ್ನು ನೆಟ್ಟಗಾಯಿತು. ಇನ್ನೊಂದು ತೋಟೆ ಹಾಕಿ, ಒಂದು ಕಣ್ಣು ಮುಚ್ಚಿ, ಪಕ್ಕಾ ಸಿಪಾಯಿಯ ಹಾಗೆ ನಿಂತು ಹೊಡೆದ.

ಚರೆಗಳು ಹೊಳೆಯ ನಡುವೆಯೇ ನೀರಿಗೆ ಉದುರಿದವು. ಸದ್ದು ಬೆಟ್ಟಕ್ಕೆ ಬಡಿದು ವಾಪಸ್ ಬಂತು. ಆಗ ಮೇದಪ್ಪ ಎಣಿಸಿದ. ಎರಡು ಗುಂಡಾಗಿತ್ತು.

ಅರ್ಧ ಗಂಟೆಯಲ್ಲಿ ಊರಿಗೆ ಊರೇ ಬಿಳಿ ಬಟ್ಟೆ ಉಟ್ಟು ಕೊಟ್ಟಿಗೆಯ ಮುಂದೆ ನಿಂತಿತು. ಸದ್ದು ಬಂದದ್ದು ಅಲ್ಲಿಂದ, ಅಲ್ಲಿರುವವರಿಗೆ ಎಂಬತ್ತೆರಡು. ಯಾರು ಹೋದರೆಂದು ಯಾರೂ ಕೇಳುವ ಹಾಗೇ ಇರಲಿಲ್ಲ. ದಾರಿಯುದ್ದಕ್ಕೂ ಅತ್ತುಕೊಂಡು ಬಂದ ಪಕ್ಕದ ಮನೆಯ ಚೋಂದಮ್ಮ ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿದಳು.

ಗುರು ಚಾಪೆಯ ಮೇಲೆ ಕೂತು ಬೆಲ್ಲದ ಕಾಫಿ ಕುಡಿಯುತ್ತಿದ್ದರು.

"ಅಯ್ಯೋ, ಇದ್ದೀರಾ!" ಎಂದಳು ಚೋಂದಮ್ಮ. ಅವಳಿಗೆ ಸಂತೋಷವೂ ಆಯಿತು, ಸಿಟ್ಟೂ ಬಂತು.

"ಸದ್ಯಕ್ಕೆ ಇದ್ದೇನೆ," ಎಂದರು ಗುರು. "ಕೂತುಕೋ."

ಮೇದಪ್ಪ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಗುರು ಅವನನ್ನು ಹತ್ತಿರ ಕರೆದರು.

"ಎರಡನೆಯದು ಎಲ್ಲಿಗೆ ಹೋಯಿತು?"

"ಹೊಳೆಗೆ, ಅಜ್ಜ."

"ಇಷ್ಟು ಜನ ಕೆಲಸ ಬಿಟ್ಟು, ಬಟ್ಟೆ ಬದಲಾಯಿಸಿ ಬಂದಿದ್ದಾರೆ. ಸುಮ್ಮನೆ ಕಳಿಸಿದರೆ ಮರ್ಯಾದೆಯಲ್ಲ. ಸತ್ತದ್ದು ಯಾರು ಅಂತ ನೀನೇ ಹೇಳು."

ಮೇದಪ್ಪ ಕೋವಿಯನ್ನು ನೋಡಿದ.

ಆಮೇಲೆ ಮೇಜಿನ ಮೇಲಿದ್ದ ಸ್ಕ್ರೂಡ್ರೈವರ್ ತೆಗೆದುಕೊಂಡ. ಎರಡು ಸ್ಕ್ರೂ ಬಿಚ್ಚಿದ. ಪಟ್ಟಿಯನ್ನು ಗುರುವಿನ ಅಂಗೈಯಲ್ಲಿಟ್ಟ.

"ಇವನು, ಅಜ್ಜ," ಎಂದ. ಹೇಳಿದ ಮೇಲೆ, ಯಾಕೋ, ಎದೆ ಹಗುರಾಯಿತು.

ಗುರು ಪಟ್ಟಿಯನ್ನು ಒಂದು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟರು. ಬರಿದಾದ ನಳಿಗೆಯ ಮೇಲೆ ಮೆಲ್ಲಗೆ ಕೈಯಾಡಿಸಿದರು. ತಗಡಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದು, ಮುಚ್ಚಳ ತೆರೆದು, ಒಂದು ತೋಟೆ ತೆಗೆದು ಮೇದಪ್ಪನ ಕೈಗೆ ಕೊಟ್ಟರು.

"ಆ ಎರಡು ಗುಂಡೂ ಸಿಪಾಯಿಯ ಲೆಕ್ಕಕ್ಕಾಯಿತು. ಹೋಗು, ಮಗಳ ಗುಂಡು ಇನ್ನೂ ಹೊಡೆದಿಲ್ಲ."