ಕಡಲಿಗೆ ಹೋಗಿಬಂದ ಕಾರು

“ಗುರುಗಳೇ, ಜೊತೆಗೆ ಬರುವವನು ಕುಂಟುತ್ತಿದ್ದರೆ ಅವನನ್ನು ಬಿಟ್ಟು ಮುಂದೆ ನಡೆಯುವುದು ತಪ್ಪೇ?”

ಕೇಳಿದವನು ಮಠದ ಶಿಷ್ಯ ಶಿವಯೋಗಿ. ಮರುದಿನ ಅವನು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡಬೇಕಿತ್ತು. ಅಡುಗೆಯ ಬಸಲಿಂಗನೂ ಬರುತ್ತೇನೆಂದು ಕೋಲು ಕೆತ್ತಿಟ್ಟುಕೊಂಡಿದ್ದ. ಬಸಲಿಂಗನ ಮೊಣಕಾಲು ಸರಿಯಿರಲಿಲ್ಲ. ಅವನೊಡನೆ ಹೋದರೆ ಯುಗಾದಿಯೊಳಗೆ ಮಲ್ಲಯ್ಯನನ್ನು ಕಾಣುವುದು ಅನುಮಾನ; ಒಬ್ಬನೇ ಹೋದರೆ ಖಂಡಿತ. ತಪ್ಪಲ್ಲ ಎಂದು ಗುರುಗಳು ಹೇಳಿದರೆ ಸಾಕೆಂದು ಶಿವಯೋಗಿ ಕಾದ.

ಗುರುಗಳು ಹೇಳಿದರು: “ಒಂದು ಕತೆ ಇದೆ. ನನಗೆ ಚೆನ್ನಾಗಿ ಹೇಳಲು ಬರುವುದಿಲ್ಲ, ಕ್ಷಮಿಸು. ನಡುನಡುವೆ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ.

“ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಹೆಂಡತಿ ಮಕ್ಕಳಿಲ್ಲ. ಎದುರು ಓಣಿಯಲ್ಲಿ ಅವನ ವಿಧವೆ ಅಕ್ಕ ಒಬ್ಬಳಿದ್ದಳು. ಅವಳು ಕಡಲು ನೋಡಿರಲಿಲ್ಲ. ತೋರಿಸುತ್ತೇನೆಂದು ಅವನು ಒಂದು ಕರೆಂಟಿನ ಕಾರು ಕೊಂಡ. ಕರೆಂಟಿನ ಕಾರೆಂದರೆ ಪೆಟ್ರೋಲ್ ಬೇಡ, ಫೋನಿನ ಹಾಗೆ ಚಾರ್ಜ್ ಮಾಡಬೇಕು. ಎತ್ತರದ್ದು, ಆದರೆ ಉದ್ದ ಕಡಿಮೆ. ಓಣಿಯಲ್ಲೂ ಸಲೀಸಾಗಿ ತಿರುಗುತ್ತಿತ್ತು.

“ಅಕ್ಕ ಕಾರಿನ ಸುತ್ತ ಬಂದು ಕೇಳಿದಳು. ‘ಇದರಾಗ ಎಷ್ಟು ಮಂದಿ ಕೂಡಬಹುದೋ ತಮ್ಮಾ?’

“ಅವನು ಹೇಳಿದ. ‘ಒಂದು ಸಲ ಚಾರ್ಜ್ ಮಾಡಿದರ ನಾನೂರೈವತ್ತು ಕಿಲೋಮೀಟರ್ ಹೋಗ್ತದ ಅಕ್ಕಾ.’

“ಪಕ್ಕದ ಅಂಗಡಿಯ ಬಟ್ಟೆ ವ್ಯಾಪಾರಿ ನಕ್ಕ. ‘ಅದು ಕಂಪನಿ ಲೆಕ್ಕ ಸಾವುಕಾರ್ರ. ನಿಮ್ಮ ಕಾರು ಕಂಪನಿಯೊಳಗ ಓಡ್ತದೋ, ರಸ್ತೆ ಮ್ಯಾಲೋ?’

“ಬಟ್ಟೆ ವ್ಯಾಪಾರಿ ಹೇಳಿದ್ದು ನಿಜ. ಕಂಪನಿಯ ಪರೀಕ್ಷೆಯ ಓಟವೇ ಬೇರೆ, ರಸ್ತೆಯ ಓಟವೇ ಬೇರೆ. ಆದರೆ ನಿಜವನ್ನು ನಗುತ್ತಾ ಹೇಳಿದರೆ ಚುಚ್ಚುತ್ತದೆ. ಪಾತ್ರೆ ವ್ಯಾಪಾರಿ ಎಲ್ಲರೆದುರು ಪಣ ತೊಟ್ಟ. ಕಡಲು ನೂರೆಂಬತ್ತು ಕಿಲೋಮೀಟರ್. ನಡುವೆ ಎಲ್ಲಿಯೂ ಚಾರ್ಜ್ ಮಾಡದೆ ಹೋಗಿ ಬರುತ್ತೇನೆ ಎಂದ.

“ಮುಂದಿನ ಸೋಮವಾರ ಅಕ್ಕನನ್ನು ಕೂರಿಸಿಕೊಂಡು ಹೊರಟ. ಸೋಮವಾರ ಪೇಟೆಗೆ ರಜೆ, ಅದಕ್ಕೆ ಸೋಮವಾರ. ಅಕ್ಕನಿಗೆ ದಮ್ಮು, ಸೆಕೆ ತಡೆಯದು. ಏಸಿ ಹಾಕಬೇಕಾಯಿತು. ಬುತ್ತಿ, ನೀರಿನ ಕೊಡ, ಬೆನ್ನಿಗೆ ದಿಂಬು, ಎಲ್ಲ ಇತ್ತು. ಏಸಿ ಚಾರ್ಜ್ ತಿನ್ನುತ್ತದೆ, ಭಾರ ತಿನ್ನುತ್ತದೆ, ವೇಗ ಎಲ್ಲಕ್ಕಿಂತ ಹೆಚ್ಚು ತಿನ್ನುತ್ತದೆ. ಘಟ್ಟದ ನೆತ್ತಿಗೆ ಬರುವಾಗ ಅವನಿಗೆ ತಿಳಿಯಿತು. ಹೋಗುವುದಕ್ಕೆ ಧಾರಾಳ ಇದೆ. ಮರಳುವುದಕ್ಕೆ ಸಾಲದು.

“ಅಕ್ಕ ಹೇಳಿದಳು. ‘ಅಲ್ಲೇ ಚಾರ್ಜ್ ಹಾಕಿದರಾತು. ಅಷ್ಟೊತ್ತನಕ ನೀರಾಗ ಕಾಲು ಬಿಟ್ಟು ಕೂಡೋಣು.’

“ಅವನು ಕಾರು ತಿರುಗಿಸಿದ. ಅಕ್ಕ ಬುತ್ತಿ ಬಿಚ್ಚದೆ ಮನೆಗೆ ಬಂದಳು.

“ಆಮೇಲೆ ಪ್ರತಿ ಸೋಮವಾರ ಒಬ್ಬನೇ ಓಡಿಸಿ ಅಭ್ಯಾಸ ಮಾಡಿದ. ಏಸಿ ಹಾಕುವುದು ಬಿಟ್ಟ. ಕೊಡ ಇಳಿಸಿದ, ದಿಂಬು ಇಳಿಸಿದ. ಒಳನುಗ್ಗಿದ ಗಾಳಿ ಕಾರಿನ ಓಟ ತಡೆಯುತ್ತದೆಂದು ಗಾಜು ಮುಚ್ಚಿ ಬೆವರಿದ. ಲಾರಿಗಳು ಹಾರ್ನ್ ಹೊಡೆದು ದಾಟಿಹೋದವು. ದಾರಿಯಲ್ಲಿ ಕೈ ಮಾಡಿದವರಿಗೆ ನಿಲ್ಲಿಸಲಿಲ್ಲ. ನಿಲ್ಲಿಸಿ ಹೊರಟರೆ ಚಾರ್ಜ್ ಹೋಗುತ್ತದೆ, ಹತ್ತಿದವರ ಭಾರ ಬೇರೆ. ಅಕ್ಕ ಬಾಗಿಲಲ್ಲಿ ನಿಂತು ‘ಈ ವಾರ?’ ಎನ್ನುವಳು. ‘ಇನ್ನೊಂದು ವಾರ ತಡಿ’ ಎನ್ನುವನು. ಕೆಲವು ವಾರ ಹೀಗೆ ಕಳೆದ ಮೇಲೆ ಅವಳು ಬಾಗಿಲಿಗೆ ಬರಲಿಲ್ಲ. ಅವನು ಅದನ್ನು ಗಮನಿಸಲಿಲ್ಲ. ಕಣ್ಣು ಚಾರ್ಜಿನ ಅಂಕಿಯ ಮೇಲಿತ್ತು.

“ಕಡೆಗೊಂದು ಸೋಮವಾರ ಕಡಲು ಮುಟ್ಟಿದ. ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಘಟ್ಟ ಇಳಿಯುವಾಗ ಕಾರು ತಾನೇ ಒಂದಿಷ್ಟು ತುಂಬಿಕೊಳ್ಳುತ್ತದೆ, ಅದೂ ಒದಗಿತು. ದಂಡೆಯಲ್ಲಿ ಯಾರೋ ಒಂದು ಸಂಸಾರದವರು ‘ಅಣ್ಣಾ, ನಮ್ಮದೊಂದು ಫೋಟೋ ತೆಗೀರಿ’ ಎಂದು ಫೋನು ಕೊಟ್ಟರು. ತೆಗೆದುಕೊಟ್ಟ. ‘ನಿಮ್ಮದು ತೆಗೀಲೇನು?’ ಎಂದು ಅವರೂ ಕೇಳಿದರು. ಬೇಡವೆಂದು ಬಂದು ಚಾರ್ಜಿನ ಅಂಕಿಯ ಫೋಟೋ ತೆಗೆದುಕೊಂಡ. ನೀರಿಗೆ ಇಳಿಯಲಿಲ್ಲ.

“ಊರಿಗೆ ಮರಳುವಾಗ ಚಾರ್ಜ್ ಇನ್ನೂ ಇತ್ತು. ಪಣ ಗೆದ್ದಿದ್ದ. ಬಟ್ಟೆ ವ್ಯಾಪಾರಿಯ ಮನೆಗೆ ನೆಟ್ಟಗೆ ಹೋದ. ಬೀಗ. ಅಕ್ಕನ ಮನೆಗೆ ಹೋದ. ಅಲ್ಲಿಯೂ ಬೀಗ. ಕಾರಿನೊಳಗೆ ಬಂದು ಕೂತ. ಆ ಕಾರು ಸದ್ದು ಮಾಡುವುದಿಲ್ಲ, ಗೊತ್ತಲ್ಲ. ನಿಂತಿದ್ದರೂ ಅಷ್ಟೆ, ಓಡುತ್ತಿದ್ದರೂ ಅಷ್ಟೆ.

“ಮರುದಿನ ಅಕ್ಕ ಬಂದಳು. ಸೀರೆಯ ಅಂಚಿನಲ್ಲಿ ಮರಳಿತ್ತು. ಬಟ್ಟೆ ವ್ಯಾಪಾರಿಯ ಮನೆಯವರೊಡನೆ ಬಸ್ಸಿನಲ್ಲಿ ಕಡಲಿಗೆ ಹೋಗಿದ್ದಳು. ‘ಬಸ್ಸು ಎರಡು ಸಲ ಕೆಟ್ಟು ನಿಂತಿತು ತಮ್ಮಾ’ ಎಂದಳು. ‘ಮಂದಿಯೆಲ್ಲ ಗಿಡದ ಬುಡಕ್ಕ ಕೂತು ಬುತ್ತಿ ಬಿಚ್ಚಿದಿವಿ. ನಿನ್ನ ಪಾಲು ತಂದೀನಿ.’ ಒಂದು ಹೋಳಿಗೆ ಕೊಟ್ಟಳು.

“ಅವನು ಫೋನು ತೆಗೆದು ಅಂಕಿ ತೋರಿಸಿದ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು. ‘ಚಲೋ ಆತು’ ಎಂದಳು.”

ಗುರುಗಳು ಒಮ್ಮೆ ಗಂಟಲು ಸರಿಮಾಡಿಕೊಂಡರು.

“ಹೇಳಿದ್ದು ಸರಿಯಾಗಲಿಲ್ಲವೇನೋ. ಅರ್ಥ ಬಿಡಿಸುತ್ತೇನೆ. ಕಾರು ಅಂದರೆ ಇಲ್ಲಿ ಶರೀರ ಎಂದು ತಿಳಿ. ಚಾರ್ಜ್ ಅಂದರೆ ಆಯುಷ್ಯ. ಇನ್ನು ಭಾರ ಎಂದು ಅವನು ಇಳಿಸಿದನಲ್ಲ, ಆ ದಿಂಬು, ಅದು ಏನೆಂದರೆ…”

“ಅಜ್ಜಾರೇ,” ಅಡುಗೆಮನೆಯಿಂದ ಬಸಲಿಂಗ ಕೂಗಿದ. “ರೊಟ್ಟಿ ಆರಾಕ ಹತ್ತ್ಯಾವ್ರಿ. ಶಿವಯೋಗೀನೂ ಕರಕೊಂಡು ಬರ್ರಿ. ಹಾದಿ ಬುತ್ತಿ ಇಬ್ಬರಿಗೂ ಕಟ್ಟೀನಿ, ನೋಡಲಿ.”

ಗುರುಗಳು ಎದ್ದರು. ಹೊಸ್ತಿಲಲ್ಲಿ ನಿಂತು ತಿರುಗಿದರು.

“ಎಷ್ಟು ಮಂದಿ ಕೂಡಬಹುದು ಎಂದು ಅಕ್ಕ ಮೊದಲ ದಿನ ಕೇಳಿದ ಪ್ರಶ್ನೆಗೆ ಅವನು ಇನ್ನೂ ಉತ್ತರ ಕೊಟ್ಟಿಲ್ಲ.”

ಶಿವಯೋಗಿ ಬುತ್ತಿ ನೋಡಲು ಅಡುಗೆಮನೆಗೆ ನಡೆದ.